ಊರಿನ ಸ್ವಭಾವ ರೂಪುಗೊಳ್ಳುವ ಬಗೆ: ಎರಿಕ್ ಫ್ರಾಮ್ ಚಿಂತನೆಯೂ ಕೋಲಾರದ ಕೊಳವೆಬಾವಿಯೂ

ಕೋಲಾರ ಜಿಲ್ಲೆಯಲ್ಲಿ ಎರಡು ಕೊಳವೆಬಾವಿ ಕೊರೆಸಿ, ಎರಡರಲ್ಲೂ ನೀರು ಕಾಣದ ರೈತ ಮೂರನೆಯದಕ್ಕೆ ಸಾಲ ಎತ್ತುವುದು ಅಪರೂಪದ ಸಂಗತಿಯಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವರಿಂದ ಪಾಯಿಂಟ್ ಮಾಡಿಸುತ್ತಾರೆ. ರಿಗ್ ಲಾರಿ ಬಂದ ರಾತ್ರಿ ಮನೆಮಂದಿಯೆಲ್ಲ ಬದುವಿನ ಮೇಲೆ ಕೂತು ಕಾಯುತ್ತಾರೆ. ಸಾವಿರ ಅಡಿ ದಾಟಿದ ಮೇಲೂ ಬರೀ ಕಲ್ಲಿನ ದೂಳೇ ಏಳುತ್ತಿರುವಾಗ 'ಇನ್ನೊಂದು ನೂರಡಿ ಬಿಡಿ' ಎಂಬ ಮಾತು ಬಾಯಿಂದ ಹೊರಡುತ್ತದಲ್ಲ, ಆ ಗಳಿಗೆಯಲ್ಲಿ ಕೆಲಸ ಮಾಡುತ್ತಿರುವುದು ಲೆಕ್ಕಾಚಾರ ಮಾತ್ರವಲ್ಲ. ಅರ್ಥಶಾಸ್ತ್ರ ಇದನ್ನು ಬತ್ತಿದ ಅಂತರ್ಜಲ, ಪಂಪ್‌ಸೆಟ್ಟಿನ ವಿದ್ಯುತ್ತು, ಬೆಂಗಳೂರಿನ ತರಕಾರಿ ಬೇಡಿಕೆ ಎಂದು ವಿವರಿಸುತ್ತದೆ. ಊರಿನ ಕಟ್ಟೆ ಮೇಲಿನ ಮಾತು ಹಣೆಬರಹ ಎನ್ನುತ್ತದೆ, ಇಲ್ಲವೇ ದುರಾಸೆ ಎನ್ನುತ್ತದೆ. ಈ ಎರಡರಲ್ಲೂ ತೃಪ್ತಿಯಾಗದವರು ನೋಡಬೇಕಾದ ಇನ್ನೊಂದು ದಾರಿಯಿದೆ. ಒಂದು ಸಮಾಜದ ದುಡಿಮೆಯ ವ್ಯವಸ್ಥೆ ಅಲ್ಲಿನ ಜನರ ಮನಸ್ಸನ್ನು ಒಳಗಿನಿಂದ ಹೇಗೆ ಕಟ್ಟುತ್ತದೆ, ಆ ವ್ಯವಸ್ಥೆ ಬದಲಾದಾಗ ಹಾಗೆ ಕಟ್ಟಿದ ಮನಸ್ಸಿನ ಗತಿಯೇನು ಎಂಬುದು ಅದರ ಪ್ರಶ್ನೆ. ಮಾನವತಾವಾದಿ ಮನೋವಿಶ್ಲೇಷಣೆ ಎಂದು ಅದನ್ನು ಕರೆಯುತ್ತಾರೆ; ಅದಕ್ಕೆ ಸ್ಪಷ್ಟ ರೂಪ ಕೊಟ್ಟವರು ಎರಿಕ್ ಫ್ರಾಮ್.

ಈ ದಾರಿಯ ಬೇರು, ಅರಿವಿಗೆ ಬಾರದ ತುಡಿತಗಳನ್ನು ಬಿಡಿಸಿ ನೋಡುವ ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್ ಅವರಲ್ಲಿದೆ. ಮನುಷ್ಯನ ಹುಟ್ಟಾ ತುಡಿತಗಳನ್ನು ಸಮಾಜ ಹತ್ತಿಕ್ಕದೆ ನಾಗರಿಕತೆ ಸಾಧ್ಯವಿಲ್ಲ, ಹತ್ತಿಕ್ಕಿದ್ದಕ್ಕೆ ತೆರುವ ಬೆಲೆಯಾಗಿ ಅತೃಪ್ತಿ ಎಂದೂ ಉಳಿದೇ ಇರುತ್ತದೆ ಎಂದು ಅವರು 1930ರ ತಮ್ಮ ಪ್ರಬಂಧದಲ್ಲಿ ವಾದಿಸಿದ್ದರು. ಆ ವಾದದಲ್ಲಿ ಸಮಾಜ ಎಂದರೆ ಬಹುಮಟ್ಟಿಗೆ ಒಂದು ಕಡಿವಾಣ. ಯಾವ ಕಾಲದ, ಯಾವ ವರ್ಗದ, ಯಾವ ದುಡಿಮೆಯ ಸಮಾಜ ಎಂಬ ಭೇದ ಅಲ್ಲಿ ಮುಖ್ಯವಾಗಿರಲಿಲ್ಲ. ಫ್ರಾಮ್ ತಕರಾರು ಎತ್ತಿದ್ದು ಇಲ್ಲಿಯೇ.

ಫ್ರಾಮ್ ಹುಟ್ಟಿದ್ದು 1900ರ ಮಾರ್ಚ್ 23ರಂದು, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ, ಸಂಪ್ರದಾಯಸ್ಥ ಯಹೂದಿ ಕುಟುಂಬದಲ್ಲಿ. ಅವರ ಮನೆಯಲ್ಲಿ ಮುತ್ತಜ್ಜನ ಕತೆಯೊಂದು ನಡೆದುಬಂದಿತ್ತು. ಧರ್ಮಗ್ರಂಥಗಳ ಪಂಡಿತನಾಗಿದ್ದ ಆತ ಹೊಟ್ಟೆಪಾಡಿಗೆ ಸಣ್ಣ ಅಂಗಡಿ ಇಟ್ಟುಕೊಂಡಿದ್ದು, ಓದಿನ ನಡುವೆ ಗಿರಾಕಿ ಬಂದರೆ ಬೇರೆ ಅಂಗಡಿ ಇಲ್ಲವೇ ಎಂದು ಬೇಸರದಿಂದ ಕೇಳುತ್ತಿದ್ದನಂತೆ. ದುಡ್ಡನ್ನು ಬದುಕಿನ ಅಳತೆಗೋಲು ಮಾಡಿಕೊಳ್ಳದ ಲೋಕವೊಂದು ಇತ್ತೆಂಬ ನೆನಪು ಫ್ರಾಮ್ ಬರವಣಿಗೆಯ ಹಿಂದೆ ಕೊನೆಯವರೆಗೂ ಇದೆ. 1922ರಲ್ಲಿ ಹೈಡೆಲ್‌ಬರ್ಗಿನಲ್ಲಿ ಸಮಾಜಶಾಸ್ತ್ರದ ಡಾಕ್ಟರೇಟ್ ಪಡೆದ ಅವರು ಆಮೇಲೆ ಮನೋವಿಶ್ಲೇಷಣೆಯ ತರಬೇತಿ ಪಡೆದರು. 1930ರ ಹೊತ್ತಿಗೆ ಫ್ರಾಂಕ್‌ಫರ್ಟಿನ ಸಾಮಾಜಿಕ ಸಂಶೋಧನಾ ಸಂಸ್ಥೆ ಸೇರಿ ಮಾರ್ಕ್ಸ್ ಮತ್ತು ಫ್ರಾಯ್ಡ್ ಇಬ್ಬರನ್ನೂ ಒಟ್ಟಿಗೆ ಓದುವ ಕೆಲಸಕ್ಕೆ ತೊಡಗಿದರು.

ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ಮಹತ್ವದ ಕೆಲಸ, ಪ್ರೀತಿಯ ಬಗ್ಗೆ ಬರೆದು ಜನಪ್ರಿಯವಾದ ಪುಸ್ತಕವಲ್ಲ; ಜರ್ಮನಿಯ ಕಾರ್ಮಿಕರು ಮತ್ತು ನೌಕರರ ನಡುವೆ 1929ರಿಂದ ನಡೆಸಿದ ಸಮೀಕ್ಷೆ. 271 ಪ್ರಶ್ನೆಗಳಿದ್ದ ಪಟ್ಟಿಯನ್ನು ಸುಮಾರು 3300 ಜನರಿಗೆ ಹಂಚಲಾಯಿತು. ಸುಮಾರು 1100 ಮಂದಿ ಉತ್ತರಿಸಿದರು. ಯಾವ ಪಕ್ಷಕ್ಕೆ ಮತ ಹಾಕುತ್ತೀರಿ ಎಂಬುದರ ಜೊತೆಗೆ, ಮಕ್ಕಳನ್ನು ಹೊಡೆಯದೆ ಬೆಳೆಸಬಹುದೆ, ಸ್ನೇಹಿತರಿಗೆ ಸಾಲ ಕೊಡುತ್ತೀರಾ, ಹೆಂಗಸರು ಲಿಪ್‌ಸ್ಟಿಕ್ ಹಚ್ಚುವುದರ ಬಗ್ಗೆ ಏನನ್ನಿಸುತ್ತದೆ, ಇತಿಹಾಸದಲ್ಲಿ ಯಾರು ದೊಡ್ಡವರು ಎಂಬಂಥ ಪ್ರಶ್ನೆಗಳೂ ಅದರಲ್ಲಿದ್ದವು. ಹೊಸತನ ಇದ್ದದ್ದು ಉತ್ತರಗಳನ್ನು ಓದುವ ಕ್ರಮದಲ್ಲಿ. ಮಾರ್ಕ್ಸ್, ಲೆನಿನ್ ಹೆಸರಿನ ಜೊತೆ ಸೀಸರ್, ನೆಪೋಲಿಯನ್ ಹೆಸರು ಬರೆದವರಿಗೆ ಮೆಚ್ಚಿಗೆಯಾದದ್ದು ಅಧಿಕಾರ. ಅದೇ ಮಾರ್ಕ್ಸ್, ಲೆನಿನ್ ಜೊತೆಗೆ ಸಾಕ್ರಟೀಸ್, ಪಾಶ್ಚರ್ ಹೆಸರು ಬರೆದವರಿಗೆ ಮೆಚ್ಚಿಗೆಯಾದದ್ದು ಲೋಕಕ್ಕೆ ಒಳಿತು ಮಾಡಿದ ಬುದ್ಧಿ. ಮತ ಒಂದೇ ಪಕ್ಷಕ್ಕೆ, ಮನಸ್ಸು ಮಾತ್ರ ಎರಡು ದಿಕ್ಕಿಗೆ. ಎಡಪಕ್ಷಗಳಿಗೆ ಮತ ಹಾಕುತ್ತಿದ್ದವರಲ್ಲಿ ನಿಜಕ್ಕೂ ಸರ್ವಾಧಿಕಾರವನ್ನು ಎದುರಿಸಿ ನಿಲ್ಲುವ ಮನೋಧರ್ಮ ಇದ್ದದ್ದು ಸಣ್ಣ ಪಾಲಿನವರಿಗೆ ಮಾತ್ರ ಎಂಬುದು ಅದರಿಂದ ಹೊರಟ ತೀರ್ಮಾನ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅಷ್ಟು ಬಲವಾಗಿದ್ದ ಕಾರ್ಮಿಕ ಚಳವಳಿ ಏಕೆ ಕುಸಿಯಿತು ಎಂಬುದಕ್ಕೆ ಸಿಕ್ಕ ಉತ್ತರಗಳಲ್ಲಿ ಇದೂ ಒಂದು. ಸಂಸ್ಥೆಯೊಳಗಿನ ಭಿನ್ನಾಭಿಪ್ರಾಯ ಮತ್ತು ದೇಶಾಂತರದ ಗದ್ದಲದಲ್ಲಿ ಉತ್ತರಪತ್ರಿಕೆಗಳ ಒಂದು ಭಾಗ ಕಳೆದುಹೋಯಿತು, 584 ಮಾತ್ರ ಉಳಿದವು. ವರದಿ ಪುಸ್ತಕವಾಗಿ ಹೊರಬಂದದ್ದು ಅರ್ಧ ಶತಮಾನದ ನಂತರ, ಫ್ರಾಮ್ ತೀರಿಕೊಂಡ 1980ರಲ್ಲಿ.

1934ರಲ್ಲಿ ಅಮೆರಿಕ ಸೇರಿದ ಫ್ರಾಮ್ 1941ರ ತಮ್ಮ ಪುಸ್ತಕದಲ್ಲಿ ಇದನ್ನು ಇತಿಹಾಸದ ದೊಡ್ಡ ಹರಹಿಗೆ ವಿಸ್ತರಿಸಿದರು. ಊಳಿಗಮಾನ್ಯ ವ್ಯವಸ್ಥೆಯ ಕಟ್ಟುಗಳಿಂದ ಬಿಡುಗಡೆಯಾದ ಯುರೋಪಿನ ಮನುಷ್ಯನಿಗೆ ಸ್ವಾತಂತ್ರ್ಯದ ಜೊತೆಗೇ ಒಂಟಿತನವೂ ಬಂತು, ಆ ಒಂಟಿತನ ತಾಳಲಾರದೆ ಅವನು ಯಾವುದೋ ನಾಯಕನ, ಯಾವುದೋ ಗುಂಪಿನ ಆಸರೆಗೆ ಓಡುತ್ತಾನೆ ಎಂಬುದು ಅದರ ತಿರುಳು. 'ಸಾಮಾಜಿಕ ಸ್ವಭಾವ' ಎಂಬ ಕಲ್ಪನೆ ಗಟ್ಟಿಯಾದದ್ದೂ ಇಲ್ಲಿಯೇ: ಒಂದೇ ಬಗೆಯ ದುಡಿಮೆ, ಒಂದೇ ಬಗೆಯ ಅಭದ್ರತೆಯಲ್ಲಿ ಬದುಕುವ ಜನರಲ್ಲಿ ಸಮಾನವಾದ ಮನೋಧರ್ಮವೊಂದು ಬೆಳೆಯುತ್ತದೆ, ಅದರಿಂದಾಗಿ ವ್ಯವಸ್ಥೆಗೆ ಬೇಕಾದದ್ದನ್ನು ಮಾಡುವುದೇ ತಮ್ಮ ಸ್ವಂತ ಇಷ್ಟ ಎಂದು ಜನರಿಗೆ ಅನ್ನಿಸತೊಡಗುತ್ತದೆ. 1947ರಲ್ಲಿ ಅವರು ಈ ಮನೋಧರ್ಮದ ಬಗೆಗಳನ್ನು ಬಿಡಿಸಿಟ್ಟರು. ಬೇರೆಯವರು ಕೊಡಲೆಂದು ಕಾದು ಕೂರುವುದು, ಕಸಿದುಕೊಳ್ಳುವುದು, ಕೂಡಿಡುವುದು, ತನ್ನನ್ನೇ ಸರಕಾಗಿ ಮಾರಿಕೊಳ್ಳುವುದು ಒಂದು ಕಡೆ. ತನ್ನ ಶಕ್ತಿಯನ್ನು ದುಡಿಮೆಯಲ್ಲೂ ಅಕ್ಕರೆಯಲ್ಲೂ ತೊಡಗಿಸುವ ಸೃಜನಶೀಲ ಸ್ವಭಾವ ಇನ್ನೊಂದು ಕಡೆ. ಎಲ್ಲರಲ್ಲೂ ಇವು ಬೆರೆತೇ ಇರುತ್ತವೆ, ಪ್ರಮಾಣ ಮಾತ್ರ ಬೇರೆ ಎಂದು ಅವರು ಒತ್ತಿ ಹೇಳಿದ್ದರು.

ವಿರೋಧವೂ ಕಡಿಮೆಯಿರಲಿಲ್ಲ. ಫ್ರಾಯ್ಡರ ಸಹಜಪ್ರವೃತ್ತಿಯ ಸಿದ್ಧಾಂತವನ್ನು ಕೈಬಿಟ್ಟು ಫ್ರಾಮ್ ಮನೋವಿಶ್ಲೇಷಣೆಯ ಮೊನೆಯನ್ನೇ ಮೊಂಡು ಮಾಡಿದರೆಂದು ಹಳೆಯ ಸಹೋದ್ಯೋಗಿ ಹರ್ಬರ್ಟ್ ಮಾರ್ಕ್ಯೂಸ್ 1955ರಲ್ಲಿ ಕಟುವಾಗಿ ಟೀಕಿಸಿದರು. ಆ ಜಗಳ ಇನ್ನೂ ಮುಗಿದಿಲ್ಲ, ಇಲ್ಲಿ ನಮಗೆ ಅದು ಅಷ್ಟಾಗಿ ಬೇಕಾಗಿಯೂ ಇಲ್ಲ.

ನಮ್ಮ ದೇಶಕ್ಕೆ ಮನೋವಿಶ್ಲೇಷಣೆ ಬಂದದ್ದು ಬೇಗನೆ. ಫ್ರಾಯ್ಡ್ ಜೊತೆ ಪತ್ರವ್ಯವಹಾರವಿದ್ದ ಗಿರೀಂದ್ರಶೇಖರ ಬೋಸ್ 1922ರಲ್ಲಿಯೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಭಾರತೀಯ ಬಾಲ್ಯ ಮತ್ತು ಸಮಾಜವನ್ನು ಈ ಕಣ್ಣಿನಿಂದ ಓದಿದ ಸುಧೀರ್ ಕಕ್ಕರ್ ಅವರ ಮೊದಲ ಮುಖ್ಯ ಕೃತಿ 1978ರಲ್ಲಿ ಬಂತು. ಕನ್ನಡದಲ್ಲಿ ಈ ವಿಷಯವನ್ನು ಸಾಮಾನ್ಯ ಓದುಗರ ಬಳಿಗೆ ತಂದವರಲ್ಲಿ ಮೊದಲು ನೆನೆಯಬೇಕಾದವರು 'ರಾಶಿ' ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ, ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಆದರೆ ನಮ್ಮ ನವ್ಯ ಸಾಹಿತ್ಯ ಮನೋವಿಶ್ಲೇಷಣೆಯಿಂದ ಮುಖ್ಯವಾಗಿ ತೆಗೆದುಕೊಂಡದ್ದು ಒಬ್ಬ ವ್ಯಕ್ತಿಯ ಒಳಗಿನ ತಳಮಳವನ್ನು. ಒಂದು ಊರಿಗೆ, ಒಂದು ಕಸುಬಿಗೆ ಅಂಟಿಕೊಂಡ ಮನಸ್ಸಿನ ಅಧ್ಯಯನ ಅಷ್ಟಾಗಿ ಬೆಳೆಯಲಿಲ್ಲ. ಈ ಕೊರತೆ ನನಗೆ ದೊಡ್ಡದಾಗಿಯೇ ಕಾಣುತ್ತದೆ, ಏಕೆಂದರೆ ಫ್ರಾಮ್ ಮಾಡಿದ ಕೊನೆಯ ದೊಡ್ಡ ಅಧ್ಯಯನ ಒಂದು ಹಳ್ಳಿಯದೇ.

1950ರಲ್ಲಿ ಮೆಕ್ಸಿಕೊಗೆ ನೆಲೆ ಬದಲಿಸಿದ ಫ್ರಾಮ್, 1957ರಿಂದ ಸುಮಾರು 800 ಜನರಿದ್ದ ಒಂದು ಹಳ್ಳಿಯಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆಸಿದರು. ಮೈಕಲ್ ಮಕಬಿ ಅವರೊಡನೆ ಬರೆದ ವರದಿ 1970ರಲ್ಲಿ ಪ್ರಕಟವಾಯಿತು. ಹಿಂದೆ ಆ ಹಳ್ಳಿ ಕಬ್ಬಿನ ದೊಡ್ಡ ಜಮೀನ್ದಾರಿಗೆ ಸೇರಿತ್ತು; ಮೆಕ್ಸಿಕೊ ಕ್ರಾಂತಿಯ ನಂತರ ಆಳುಗಳಿಗೆ ಭೂಮಿ ಸಿಕ್ಕಿತು. ಭೂಮಿ ಸಿಕ್ಕ ಮೇಲೆ ಎಲ್ಲರೂ ಸ್ವತಂತ್ರ ರೈತರಂತೆ ನಡೆದುಕೊಳ್ಳಬೇಕಿತ್ತಲ್ಲವೆ? ಹಾಗಾಗಲಿಲ್ಲ. ತಲೆಮಾರುಗಳ ಕಾಲ ಧಣಿಯ ಕೈ ನೋಡಿ ಬದುಕಿದ ಮನೆಗಳವರಲ್ಲಿ ಅನೇಕರು ಕಬ್ಬನ್ನೇ ಬೆಳೆದರು, ಏಕೆಂದರೆ ಅದಕ್ಕೆ ದುಡಿಮೆ ಕಡಿಮೆ, ಸಕ್ಕರೆ ಕಾರ್ಖಾನೆಯ ಆಸರೆ ಖಚಿತ. ಮೊದಲಿನಿಂದಲೂ ಸ್ವಂತ ತುಂಡು ನೆಲ ಉತ್ತುಕೊಂಡು ಬಂದವರ ಸ್ವಭಾವದವರು ಹೆಚ್ಚು ಲಾಭದ, ಹೆಚ್ಚು ಮೈಮುರಿಯುವ ಭತ್ತ ಮತ್ತು ತರಕಾರಿಯತ್ತ ಹೋದರು. ಇವೆರಡಕ್ಕಿಂತಲೂ ಬೇಗ ಮೇಲೆ ಬಂದವರು ಟ್ರ್ಯಾಕ್ಟರ್, ಅಂಗಡಿ, ವ್ಯವಹಾರ ಹಿಡಿದ ಕೆಲವೇ ಮಂದಿ. ಹೊಸ ಮಾರುಕಟ್ಟೆಗೆ ಬೇಕಾದ ಚುರುಕೂ ನಿಷ್ಠುರತೆಯೂ ಅವರಲ್ಲಿ ಮೊದಲೇ ಇತ್ತು. ವ್ಯವಸ್ಥೆ ಒಂದು ಆಜ್ಞೆಯಿಂದ ಬದಲಾಗುತ್ತದೆ, ಸ್ವಭಾವ ಮಾತ್ರ ಒಂದೆರಡು ತಲೆಮಾರು ಹಿಂದೆ ಉಳಿಯುತ್ತದೆ, ಆ ಅಂತರದಲ್ಲಿ ಸಿಕ್ಕಿಕೊಂಡವರನ್ನು ಸೋಮಾರಿಗಳೆಂದು ಜರೆಯುವುದು ಸುಲಭ ಎಂಬುದು ಈ ಅಧ್ಯಯನ ಕಲಿಸುವ ಪಾಠ.

ಈಗ ಕೋಲಾರಕ್ಕೆ ಬರೋಣ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ್ದ ಈ ಒಣಭೂಮಿಯಲ್ಲಿ ರಾಗಿ ಬರಿಯ ಬೆಳೆಯಾಗಿರಲಿಲ್ಲ, ಬರಗಾಲಕ್ಕೆ ಎದುರಾಗಿ ಇಟ್ಟ ಠೇವಣಿಯಾಗಿತ್ತು. ನೆಲದೊಳಗೆ ಹಗೇವು ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಇಂಥ ದುಡಿಮೆ ರೂಪಿಸುವ ಸ್ವಭಾವವನ್ನು ಫ್ರಾಮ್ ಕೂಡಿಡುವ ಸ್ವಭಾವ ಎನ್ನುತ್ತಿದ್ದರು. ಎಚ್ಚರಿಕೆ, ಜಿಗುಟುತನ, ಸಾಲಕ್ಕೆ ಅಂಜುವುದು, ನಾಳೆಯ ಮೇಲೆ ಕಣ್ಣಿಡುವುದು ಅದರ ಲಕ್ಷಣ.

ಟೊಮೆಟೊ ಇದಕ್ಕೆ ತದ್ವಿರುದ್ಧ. ಕೋಲಾರದ ಎಪಿಎಂಸಿಯಲ್ಲಿ ಇಳಿದ 15 ಕೆ.ಜಿ. ಬಾಕ್ಸಿನ ಹಣ್ಣನ್ನು ಕಾದು ಮಾರುತ್ತೇನೆಂದರೆ ಆಗುವುದಿಲ್ಲ. ಅವತ್ತಿನ ಹರಾಜಿನಲ್ಲಿ ಕೂಗಿದ್ದೇ ಬೆಲೆ. 2023ರ ಜುಲೈನಲ್ಲಿ ಅದೇ ಬಾಕ್ಸು 2000 ರೂಪಾಯಿ ದಾಟಿತು, ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ಸುಗ್ಗಿಗಳೂ ಇವೆ. ಹಗೇವಿನ ಮನೆಯಲ್ಲಿ ಬೆಳೆದ ಮನಸ್ಸು ಮಂಡಿಯ ಲೋಕಕ್ಕೆ ಬಂದಾಗ ಅದರ ಜಿಗುಟುತನ ಹೋಗುವುದಿಲ್ಲ, ದಿಕ್ಕು ಬದಲಿಸುತ್ತದೆ ಎಂದು ನನಗನ್ನಿಸುತ್ತದೆ. ಕೂಡಿಡಲು ರಾಗಿಯಿಲ್ಲದಾಗ ಕೂಡಿಡಬೇಕಾದ ವಸ್ತು ನೀರಾಗುತ್ತದೆ. ಸ್ವಂತ ಹೊಲದಲ್ಲಿ ಸ್ವಂತ ಬೋರು, ಅದರಲ್ಲಿ ಎರಡಿಂಚು ನೀರು ಎಂಬುದು ಬದುಕಿನ ಭದ್ರತೆಯ ಏಕೈಕ ಗುರುತಾಗುತ್ತದೆ. ಆಗ 'ಇನ್ನೊಂದು ನೂರಡಿ ಬಿಡಿ' ಎಂಬ ಮಾತು ದುರಾಸೆಯದ್ದಲ್ಲ. ಅಜ್ಜನ ಕಾಲದ ಎಚ್ಚರಿಕೆಯೇ ಹೊಸ ವ್ಯವಸ್ಥೆಯಲ್ಲಿ ಜೂಜಿನ ರೂಪ ತಾಳಿ ಆಡಿಸಿದ ಮಾತು.

ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಮೆಕ್ಸಿಕೊದ ಆ ಹಳ್ಳಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ಕೆಜಿಎಫ್‌ನಲ್ಲಿ 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ ನಡೆಯಿತು, 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಬಂತು. ಮನೆ, ಆಸ್ಪತ್ರೆ, ಶಾಲೆ, ನೀರು ಎಲ್ಲವೂ ಕಂಪನಿಯವು. ಆಮೇಲೆ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್‌ನವು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದವರ ಊರನ್ನು 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿ ಕೈಬಿಡಲಾಯಿತು. ಪರಾವಲಂಬನೆಯ ಸ್ವಭಾವ ಎಂಬ ಹಣೆಪಟ್ಟಿ ಇಲ್ಲಿ ಹಚ್ಚುವುದು ಸುಲಭ, ಆದರೆ ಅದು ಅನ್ಯಾಯ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಮರಳುವ ಸಾವಿರಾರು ಜನರಲ್ಲಿ ಆ ಗಣಿ ಕಾರ್ಮಿಕರ ಮಕ್ಕಳಿದ್ದಾರೆ. ಕಂಪನಿ ಒದಗಿಸಿದ ಆಸರೆಯ ಜೊತೆಗೆ ಕತ್ತಲ ಸುರಂಗದಲ್ಲಿ ಒಬ್ಬರನ್ನೊಬ್ಬರು ನಂಬಿ ದುಡಿದ ಒಗ್ಗಟ್ಟೂ ಅವರ ಸ್ವಭಾವವನ್ನು ಕಟ್ಟಿತ್ತು ಎಂಬುದನ್ನು ಬಿಟ್ಟರೆ ಓದು ಅರ್ಧವಾಗುತ್ತದೆ.

ಫ್ರಾಮ್ ಅವರನ್ನು ಇಲ್ಲಿಗೆ ತರುವಾಗ ಇನ್ನೊಂದು ತೊಡಕಿದೆ. ಕೊಳವೆಬಾವಿ ಬರುವ ಮೊದಲು ಊರೆಲ್ಲ ಒಂದಾಗಿ ಕೆರೆ ಕಾಯುತ್ತಿತ್ತು ಎಂಬ ಚಿತ್ರ ಸುಂದರವಾಗಿದೆ, ಅದರಲ್ಲಿ ನಿಜವೂ ಇದೆ. ತೂಬು ತೆಗೆದು, ಅಚ್ಚುಕಟ್ಟಿನ ಪ್ರತಿ ಗದ್ದೆಗೂ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಗೆ ಕೆರೆಯ ಬಾಳ್ವೆ ಅಂಗೈ ರೇಖೆಯಷ್ಟೇ ಪರಿಚಿತವಾಗಿತ್ತು. ಆದರೆ ಹೆಚ್ಚಿನ ಊರುಗಳಲ್ಲಿ ನೀರುಗಂಟಿ ದಲಿತ ಕುಟುಂಬದವನು. ಅವನು ನೀರು ಕಟ್ಟುತ್ತಿದ್ದದ್ದು ಬಹುಪಾಲು ಮೇಲ್ಜಾತಿಯವರ ಗದ್ದೆಗೆ. ಒಂದೇ ಕೆರೆ ಗದ್ದೆಯವನಲ್ಲಿ ಒಂದು ಸ್ವಭಾವವನ್ನೂ ನೀರುಗಂಟಿಯಲ್ಲಿ ಇನ್ನೊಂದು ಸ್ವಭಾವವನ್ನೂ ಬೆಳೆಸಿರಬೇಕು. ಫ್ರಾಮ್ ವರ್ಗವನ್ನು ಚೆನ್ನಾಗಿ ಕಂಡರು; ಹುಟ್ಟಿನಿಂದಲೇ ದುಡಿಮೆ ನಿಗದಿಯಾಗುವ ಜಾತಿ ಅವರ ಅಧ್ಯಯನದ ವ್ಯಾಪ್ತಿಯಲ್ಲಿ ಇರಲಿಲ್ಲ. ಆ ಭಾಗವನ್ನು ನಾವೇ ಬರೆಯಬೇಕು.

ಬರೆಯಲು ಇದು ತಕ್ಕ ಕಾಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಶುದ್ಧೀಕರಣ ಕಂಡು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದರ ಗುಣಮಟ್ಟದ ಬಗ್ಗೆ ಎದ್ದ ಪ್ರಶ್ನೆಗಳು ಬೇರೆಯೇ ಚರ್ಚೆ. ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣವಾದ್ದರಿಂದ ಈ ನೀರು ತೂಬಿನಿಂದ ಗದ್ದೆಗೆ ಇಳಿಯುವುದಿಲ್ಲ; ನೆಲಕ್ಕೆ ಇಂಗಿ, ಸುತ್ತಲಿನ ಒಬ್ಬೊಬ್ಬರ ಬೋರಿನಿಂದ ಮೇಲೆ ಬರುತ್ತದೆ. ಕೆರೆ ಊರಿನದು, ಮೋಟಾರು ಒಬ್ಬೊಬ್ಬರದು. ಈ ಹೊಸ ಏರ್ಪಾಡಿನಲ್ಲಿ ಯಾವ ಸ್ವಭಾವ ಬೆಳೆಯುತ್ತಿದೆ ಎಂದು ತಿಳಿಯಲು ಫ್ರಾಮ್ ಪ್ರಶ್ನಾವಳಿಯಂಥದೇ ಒಂದು ಬೇಕು. ನಿಮ್ಮ ಬೋರಿನಲ್ಲಿ ನೀರಿದ್ದು ಪಕ್ಕದ ಹೊಲ ಒಣಗುತ್ತಿದ್ದರೆ ಏನು ಮಾಡುತ್ತೀರಿ, ಬೋರು ಫೇಲಾದದ್ದಕ್ಕೆ ಯಾರು ಹೊಣೆ, ನಿಮ್ಮೂರಿನಲ್ಲಿ ದೊಡ್ಡ ಮನುಷ್ಯರೆಂದರೆ ಯಾರು ಎಂಬ ಪ್ರಶ್ನೆಗಳನ್ನು ಹೊಲದ ಯಜಮಾನನಿಗೆ ಮಾತ್ರವಲ್ಲದೆ, ಸಾಲದ ಕಂತು ಕಟ್ಟುವ ಅವನ ಹೆಂಡತಿಗೂ, ಗೇಣು ನೆಲವಿಲ್ಲದೆ ಟೊಮೆಟೊ ಬಿಡಿಸುವ ಕೂಲಿಯವರಿಗೂ, ತೂಬಿನ ಕೆಲಸ ನಿಂತುಹೋದ ನೀರುಗಂಟಿ ಮನೆತನದವರಿಗೂ ಬೇರೆ ಬೇರೆಯಾಗಿ ಕೇಳಿ, ಅವರ ಮಾತುಗಳಲ್ಲೇ ಉತ್ತರ ಬರೆದುಕೊಳ್ಳಬೇಕು.