ಕಾಲಯಂತ್ರ ಕೆಟ್ಟರೆ ಮೋಟಾರು ಬಿಚ್ಚಬೇಡಿ

ಕಾಲಯಂತ್ರ ನಿಂತಿತು ಅಂದ ಕೂಡಲೇ ಸ್ಪ್ಯಾನರ್ ಹಿಡಿದು ಮೋಟಾರಿಗೆ ಕೈ ಹಾಕುವುದು ನಮ್ಮ ಜನರ ಅಭ್ಯಾಸ. ಮೈಸೂರು ಸೀಮೆಯಲ್ಲಿ ರಿಪೇರಿಗೆ ಬರುವ ಗಾಡಿಗಳಲ್ಲಿ ಮೋಟಾರು ಸುಟ್ಟಿರುವುದು ಅಪರೂಪ. ಕೈಕೊಡುವುದು ಒಳಗಿನ ಗಡಿಯಾರ.

ಮೊದಲು ಬೋರ್ಡಿನ ಗುಂಡಿ ಸೆಲ್ಲಿಗೆ ಮಲ್ಟಿಮೀಟರ್ ಹಿಡಿಯಿರಿ. 3 ವೋಲ್ಟ್ ಆಸುಪಾಸು ಇರಬೇಕು, 2.7ಕ್ಕಿಂತ ಇಳಿದಿದ್ದರೆ ಬದಲಾಯಿಸಿ. ಸೆಲ್ ಸತ್ತರೆ ಎಷ್ಟೋ ಬೋರ್ಡುಗಳು ತಾರೀಖನ್ನು 1970ರ ಜನವರಿ 1ಕ್ಕೆ ತಂದು ನಿಲ್ಲಿಸುತ್ತವೆ. ಇಳಿದಾಗ ಸರ್ಕಾರಿ ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಎಂದು ಕಂಡರೆ ಗಾಬರಿ ಬೇಡ: ಕರ್ನಾಟಕ ಎಂಬ ಹೆಸರು ಬಂದದ್ದೇ 1973ರ ನವೆಂಬರಿನಲ್ಲಿ. ಹೊಸ ಸೆಲ್ ಹಾಕಿ ವಾಪಸು ಬನ್ನಿ.

ಆಮೇಲೆ ಗಡಿಯಾರ ನಡೆಸುವ ಕ್ವಾರ್ಟ್ಜ್ ಹರಳು. ಇದು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ; ಸರ್ಕ್ಯೂಟು ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು. ಅಗ್ಗದ ಹರಳು ದಿನಕ್ಕೆ ಒಂದೂವರೆ ಎರಡು ಸೆಕೆಂಡು ತಪ್ಪಿದರೂ ವರ್ಷಕ್ಕೆ ಹತ್ತು ನಿಮಿಷ ಆಗುತ್ತದೆ, ನೂರು ವರ್ಷಕ್ಕೆ ಹದಿನಾರು ಗಂಟೆ ದಾಟುತ್ತದೆ. ಬೆಸುಗೆ ಹಾಕುವಾಗ ಐರನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಬಿಸಿಗೆ ಹರಳು ಹಾಳಾಗುತ್ತದೆ.

ಎಲ್ಲ ಸರಿಯಿದ್ದೂ 23 ನಿಮಿಷ ವ್ಯತ್ಯಾಸ ಬರುತ್ತಿದೆಯೇ? ಅದು ಯಂತ್ರದ ದೋಷವಲ್ಲ. ಈಗಿನ ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು. ಮೈಸೂರು ಇರುವುದು ಸುಮಾರು 76.65ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿ. ಈ ಕಾಲಮಾನ ಬಂದದ್ದು 1906ರಲ್ಲಿ. ಅದಕ್ಕೂ ಹಿಂದೆ ಊರಿಗೊಂದು ಹೊತ್ತು. ಮುತ್ತಜ್ಜನ ಧಾರೆಗೆಂದು ಹತ್ತು ಗಂಟೆ ಒತ್ತಿದವರು ಊರಿನ ಹೊತ್ತಿಗೆ 9:37ಕ್ಕೇ ಚಪ್ಪರದಲ್ಲಿ ನಿಂತಿರುತ್ತಾರೆ. 'ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ' ಎಂದು ಕೇಳಿದರೆ ನೋಡಿಕೊಂಡು ಉತ್ತರ ಕೊಡಿ.

ಪಂಚಾಂಗದ ಡಯಲ್ ಇರುವ ಗಾಡಿಗಳದು ಬೇರೆಯೇ ಗೋಳು. ಬರೀ 'ವಿಶ್ವಾವಸು' ಎಂದು ತಿರುಗಿಸಿದರೆ 2025 ಆದೀತು, 1965 ಆದೀತು, 1905 ಕೂಡ ಆದೀತು, ಯಾಕೆಂದರೆ ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಜೊತೆಗೆ ಶಕವರ್ಷವನ್ನೂ ಕೊಡಿ: ಯುಗಾದಿಯ ನಂತರವಾದರೆ ಇಸವಿಯಿಂದ 78 ಕಳೆಯಿರಿ, ಮುಂಚೆಯಾದರೆ 79.

ನಿಲ್ಲಿಸುವ ಜಾಗದ ಬಗ್ಗೆ ಒಂದೇ ಮಾತು. ಕೆಆರ್‌ಎಸ್ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ಅದಕ್ಕೂ ಮೊದಲು ಹಳೇ ಕನ್ನಂಬಾಡಿಯಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಂದಲೇ ಇವತ್ತಿಗೆ ಹೊರಟರೆ ಬರುವುದು ಹಿನ್ನೀರಿನ ತಳಕ್ಕೆ.

ಕೊನೆಗೆ ಟ್ರಯಲ್. ಸೀಟಿನ ಮೇಲೆ ಒಂದು ಲೋಟ ಬಿಸಿ ಕಾಫಿ ಇಟ್ಟು, ಶೆಡ್ಡಿನ ಬಾಗಿಲು ಹಾಕಿ, ಅರ್ಧ ಗಂಟೆ ಮುಂದಕ್ಕೆ ಕಳಿಸಿ. ಬಾಗಿಲು ತೆಗೆದಾಗ ಕಾಫಿ ಹೊಗೆಯಾಡುತ್ತಿದ್ದರೆ ರಿಪೇರಿ ಪಾಸು. ಆರಿ ಕೆನೆ ಕಟ್ಟಿದ್ದರೆ ಗಾಡಿ ನಿಂತಲ್ಲೇ ನಿಂತಿತ್ತು, ಮತ್ತೆ ಸೆಲ್ಲಿನಿಂದ ಶುರುಮಾಡಿ. ಲೋಟ ಖಾಲಿಯಾಗಿದ್ದರೆ ಮಾತ್ರ ಯಂತ್ರ ಬಿಡಿ, ಶೆಡ್ಡಿನ ಹುಡುಗನನ್ನು ವಿಚಾರಿಸಿ.