ಗಿಫ್ಟು, ಕೇಕು, ಸ್ಟಾರು ಎಲ್ಲ ಬಿಟ್ಟು ಕ್ರಿಸ್‌ಮಸ್ ಮಾಡಬೇಕಾ?

ಓದುಗರ ಪ್ರಶ್ನೆ: ಡಿಸೆಂಬರ್ ಬಂದರೆ ನಮ್ಮ ಮನೆಯಲ್ಲಿ ಬರೀ ಖರ್ಚಿನ ಮಾತು. ಎಲ್ಲರಿಗೂ ಹೊಸ ಬಟ್ಟೆ, ಮಕ್ಕಳಿಗೆ ಗಿಫ್ಟು, ಕೇಕು, ಲೈಟು. ಮಗನಿಗೆ ಸಾಂಟಾ ಏನು ತರುತ್ತಾನೆ ಅನ್ನೋದೇ ಚಿಂತೆ, ಯೇಸುವಿನ ಹೆಸರೇ ಬರಲ್ಲ. ಕ್ರೈಸ್ತರಾಗಿ ಈ ಹಬ್ಬವನ್ನು ಹೇಗೆ ಮಾಡಬೇಕು? ಇದನ್ನೆಲ್ಲ ಬಿಟ್ಟುಬಿಡಬೇಕಾ?

ಬಿಡಬೇಕಾಗಿಲ್ಲ. ಕೇಕ್ ತಿಂದರೆ ಯಾರಿಗೂ ಪಾಪ ಸುತ್ತಿಕೊಳ್ಳುವುದಿಲ್ಲ.

ಬಿಟ್ಟೇಬಿಡೋಣ ಅಂದವರೂ ಇದ್ದರು ಅನ್ನಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪಂಥದ ಕ್ರೈಸ್ತರು 1659ರಲ್ಲಿ ಕಾನೂನೇ ಮಾಡಿ, ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದರು. 1681ರಲ್ಲಿ ಅದು ರದ್ದಾಯಿತು. ಈ ದಿನ ಹಬ್ಬ ಮಾಡಿ ಅಂತ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ ಅನ್ನೋದು ಅವರ ವಾದ. ಮಾತು ನಿಜವೇ. ಆದರೆ ಮಗು ಹುಟ್ಟಿದ ಮನೆಯಲ್ಲಿ ಸಿಹಿ ಹಂಚಬೇಡಿ ಅಂದರೆ ಯಾರು ಕೇಳುತ್ತಾರೆ?

ನನ್ನ ಪ್ರಕಾರ ನೀವು ಎಷ್ಟು ಖರ್ಚು ಮಾಡುತ್ತೀರಿ ಅನ್ನೋದಕ್ಕಿಂತ ಮೊದಲು ನೋಡಬೇಕಾದ್ದು, ಆ ದುಡ್ಡು ಯಾರ ಕಡೆಗೆ ಹೋಗುತ್ತಿದೆ ಅನ್ನೋದನ್ನ. ಲೂಕನ ಸುವಾರ್ತೆಯ 14ನೇ ಅಧ್ಯಾಯ ತೆಗೆದು ನೋಡಿ. ಊಟಕ್ಕೆ ಕರೆಯುವಾಗ ನಿನ್ನ ಗೆಳೆಯರು, ನೆಂಟರು, ಅನುಕೂಲಸ್ಥರಾದ ನೆರೆಯವರನ್ನೇ ಕರೆಯಬೇಡ, ಅವರು ನಿನ್ನನ್ನು ವಾಪಸ್ ಕರೆದು ಲೆಕ್ಕ ತೀರಿಸುತ್ತಾರೆ, ಬಡವರನ್ನು, ಅಂಗವಿಕಲರನ್ನು ಕರೆ, ಅವರಿಗೆ ತೀರಿಸಲು ಆಗುವುದಿಲ್ಲ ಅಂತ ಯೇಸು ಹೇಳುತ್ತಾನೆ. ಈಗ ನಮ್ಮ ಡಿಸೆಂಬರ್ ಪಟ್ಟಿ ನೋಡಿ. ಅವರು ಕೇಕ್ ಕೊಟ್ಟಿದ್ದರು, ನಾವೂ ಕೊಡಬೇಕು. ಹೋದ ವರ್ಷ ಅವರ ಬಾಕ್ಸ್ ದೊಡ್ಡದಿತ್ತು, ನಮ್ಮದು ಚಿಕ್ಕದಾದರೆ ಚೆನ್ನಾಗಿರಲ್ಲ. ಪೂರ್ತಿ ಮುಯ್ಯಿ ಲೆಕ್ಕ ಅಲ್ವಾ ಇದು?

ಕರಾವಳಿಯ ಕಥೊಲಿಕ ಮನೆಗಳ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು, ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ಗುಲಾಬಿ ಹೂವಿನ ಅಚ್ಚಿನಲ್ಲಿ ಕರಿದದ್ದು, ಚಕ್ಕುಲಿ. ಕಿಡಿಯೊ ಮಾಡುವಾಗ ನೆಲದ ಮೇಲೆ ಪೇಪರ್ ಹಾಸಿ ಮನೆಮಂದಿಯೆಲ್ಲ ಕೂತು, ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತುತ್ತಾರೆ. ಮಕ್ಕಳು ಸುತ್ತಿದ್ದು ವಕ್ರವಾಗಿರುತ್ತದೆ, ಅದೂ ಎಣ್ಣೆಗೇ ಬೀಳುತ್ತದೆ. ಆಮೇಲೆ ತಟ್ಟೆಗಳಲ್ಲಿ ತುಂಬಿ, ಮೇಲೊಂದು ಬಟ್ಟೆ ಮುಚ್ಚಿ, ಹಿಂದೂ, ಮುಸ್ಲಿಂ, ಎಲ್ಲ ನೆರೆಮನೆಗಳಿಗೂ ಮಕ್ಕಳ ಕೈಯಲ್ಲಿ ಕಳಿಸುವುದು. ಈಗ ಬೇಕರಿಯಲ್ಲಿ ರೆಡಿ ಪ್ಯಾಕೆಟ್ ಸಿಗುತ್ತದೆ. ತಗೊಳ್ಳಿ, ತಪ್ಪೇನಿಲ್ಲ. ಕೆಲಸಕ್ಕೆ ಹೋಗುವ ಹೆಂಗಸರು ರಾತ್ರಿ ಹನ್ನೊಂದಕ್ಕೆ ಒಲೆ ಮುಂದೆ ನಿಂತು ಭಕ್ತಿ ತೋರಿಸಬೇಕು ಅಂತ ಗಂಡಸರು ಹೇಳುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನೋಡಬೇಕಾದ್ದು ತಟ್ಟೆ ಎಲ್ಲಿಯವರೆಗೆ ಹೋಗುತ್ತದೆ ಅಂತ. ಅಪಾರ್ಟ್‌ಮೆಂಟಿನ ನಾಲ್ಕು ಪರಿಚಯದ ಮನೆಗೆ ಮಾತ್ರ ಹೋಗುತ್ತಾ, ಗೇಟಿನ ವಾಚ್‌ಮನ್‌ಗೂ ಕಸ ತಗೊಂಡು ಹೋಗುವ ಅಕ್ಕನಿಗೂ ಅದೇ ತಟ್ಟೆ, ಅದೇ ತಿಂಡಿ ಹೋಗುತ್ತಾ?

ಇನ್ನು ಸಾಲ. ಚಿನ್ನ ಅಡವಿಟ್ಟು ಹಬ್ಬ ಮಾಡುವವರನ್ನು ನೀವೂ ನೋಡಿರುತ್ತೀರಿ. ಯಾರ ಹುಟ್ಟುಹಬ್ಬಕ್ಕೆ ಇದೆಲ್ಲ ಮಾಡುತ್ತೇವೋ ಅವನ ಮನೆಯವರು ಬಡವರು. ಮಗುವನ್ನು ದೇವಾಲಯಕ್ಕೆ ಒಪ್ಪಿಸಲು ಹೋದಾಗ ಮರಿಯಮ್ಮ, ಜೋಸೆಫರ ಅರ್ಪಣೆಗೆ ಲೂಕ ಹೆಸರಿಸುವುದು ಒಂದು ಜೋಡಿ ಹಕ್ಕಿಗಳನ್ನು. ಕುರಿಮರಿ ಕೊಡುವ ಶಕ್ತಿ ಇಲ್ಲದವರಿಗೆ ಮೋಶೆಯ ಧರ್ಮಶಾಸ್ತ್ರ ಕೊಟ್ಟಿದ್ದ ರಿಯಾಯಿತಿ ಅದು, ಯಾಜಕಕಾಂಡದ 12ನೇ ಅಧ್ಯಾಯದಲ್ಲಿದೆ. ಆ ರಿಯಾಯಿತಿ ತಗೊಳ್ಳಲು ಅವರು ನಾಚಿಕೊಳ್ಳಲಿಲ್ಲ. ಈ ವರ್ಷ ಕೈ ಬಿಗಿ ಇದೆ, ಹೊಸ ಬಟ್ಟೆ ಮಕ್ಕಳಿಗೆ ಮಾತ್ರ ಅಂತ ಹೇಳಲು ನಮಗೇಕೆ ಇಷ್ಟು ಸಂಕೋಚ?

ಮಗನ ಸಾಂಟಾ ವಿಚಾರಕ್ಕೆ ಬರೋಣ. ಸಾಂಟಾ ಸುಳ್ಳು ಅಂತ ಹೇಳಿ ಅಳಿಸಬೇಡಿ, ಅವನ ಹಿಂದಿರುವ ಮನುಷ್ಯನ ಕತೆ ಹೇಳಿ. ಸಂತ ನಿಕೋಲಸ್ 4ನೇ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿರುವ ಮೈರಾ ಊರಿನ ಬಿಷಪ್ ಆಗಿದ್ದವರು. ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆಗೆ ದುಡ್ಡಿಲ್ಲ. ನಿಕೋಲಸ್ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಒಳಗೆ ಎಸೆದು ಹೋದರು ಅಂತ ಪರಂಪರೆಯ ಕತೆ. ರಾತ್ರಿಯೇ ಯಾಕೆ? ತೆಗೆದುಕೊಳ್ಳುವವನಿಗೆ ಅವಮಾನ ಆಗಬಾರದು ಅಂತ. ನಾವು ರೇಷನ್ ಕಿಟ್ ಹಂಚುವಾಗ ಬ್ಯಾನರ್ ಕಟ್ಟಿ, ಅಜ್ಜಿಯನ್ನು ಮಧ್ಯದಲ್ಲಿ ನಿಲ್ಲಿಸಿ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸು ಹೇಳಿದ್ದು ಇದಕ್ಕೇ. ಮಗನಿಗೆ ಒಂದು ಗಿಫ್ಟ್ ಕೊಡಿ. ಜೊತೆಗೆ ಅವನೂ ಯಾರಿಗಾದರೂ ಗುಟ್ಟಾಗಿ ಒಂದು ಕೊಡಲಿ. ಗುಟ್ಟು ಅಂದರೆ ಮಕ್ಕಳಿಗೆ ಖುಷಿ ಜಾಸ್ತಿ.

ಗೋದಲಿಯನ್ನೂ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನೂ, ಅವನ ಕೈಲೇ ಮಾಡಿಸಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆ ತರಿಸಿ ಗೋದಲಿ ಮಾಡಿದ್ದು, ಆ ಮಗು ಎಂಥ ಕಷ್ಟದಲ್ಲಿ ಹುಟ್ಟಿತು ಅನ್ನೋದನ್ನ ಜನ ಕಣ್ಣಾರೆ ನೋಡಲಿ ಅಂತ. ನಾವು ಅದಕ್ಕೆ ಸ್ಪರ್ಧೆ ಇಟ್ಟು, ಮೋಟಾರ್ ಹಾಕಿ ಜಲಪಾತ ಹರಿಸಿ, ಮೊದಲ ಬಹುಮಾನಕ್ಕೆ ಜಗಳ ಆಡುತ್ತೇವೆ. ಅದೆಲ್ಲ ಬೇಡ. ಡಿಸೆಂಬರ್ ಮಧ್ಯದಲ್ಲಿ ಹಳೇ ಡಬ್ಬಿಯಲ್ಲಿ ಮಣ್ಣು ಹಾಕಿ ರಾಗಿಯೋ ಭತ್ತವೋ ಬಿತ್ತಿದರೆ ಹಬ್ಬದ ಹೊತ್ತಿಗೆ ಹಸಿರು ಬಂದಿರುತ್ತದೆ. ದಿನಾ ನೀರು ಹಾಕುವ ಕೆಲಸ ಅವನದು. ಬಾಲಯೇಸುವಿನ ಮೂರ್ತಿಯನ್ನು 24ರ ರಾತ್ರಿವರೆಗೆ ಇಡಬೇಡಿ, ಖಾಲಿ ಇರಲಿ.

ಕಾಯುವುದು ಈ ಹಬ್ಬದ ಅರ್ಧ ಭಾಗ. ಕಥೊಲಿಕರಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ, ಗುರುಗಳು ನೇರಳೆ ಬಣ್ಣದ ಉಡುಪು ಹಾಕುತ್ತಾರೆ, ಆ ಭಾನುವಾರಗಳ ಪೂಜೆಯಲ್ಲಿ ಮಹಿಮಾಗೀತೆ ಹಾಡುವುದಿಲ್ಲ. 24ರ ರಾತ್ರಿ ಗಂಟೆಗಳ ಸದ್ದಿನ ನಡುವೆ ಅದು ಮತ್ತೆ ಕೇಳಿದಾಗ ಮೈ ಜುಮ್ಮೆನ್ನುವುದು ಅದಕ್ಕೇ. ಅಂಗಡಿಯವರಿಗೆ ಕಾಯುವ ವ್ಯವಧಾನ ಇಲ್ಲ, ಡಿಸೆಂಬರ್ ಒಂದಕ್ಕೇ ಹಬ್ಬ ಶುರು, 26ಕ್ಕೆ ಮುಗಿಯಿತು. ಚರ್ಚಿನ ಲೆಕ್ಕದಲ್ಲಿ 25ಕ್ಕೆ ಹಬ್ಬ ಶುರುವಾಗಿ ಜನವರಿಯಲ್ಲಿ ಮುಗಿಯುತ್ತದೆ.

ಇದನ್ನು ನೀವು ಒಳ್ಳೆ ರೀತಿಯಲ್ಲಿ ಬಳಸಿಕೊಳ್ಳಬಹುದು. ಕ್ರಿಸ್‌ಮಸ್ ವಾರದಲ್ಲಿ ವೃದ್ಧಾಶ್ರಮಗಳಿಗೆ ಒಂದಾದ ಮೇಲೊಂದು ತಂಡ ಬರುತ್ತದೆ, ಎಲ್ಲರೂ ಕೇಕ್ ತರುತ್ತಾರೆ, ಹಾಡು ಹೇಳಿ ಹೋಗುತ್ತಾರೆ. ಅಲ್ಲಿರುವ ಎಷ್ಟೋ ಜನರಿಗೆ ಶುಗರ್ ಬೇರೆ. ಜನವರಿ ಮೊದಲ ವಾರ ಅದೇ ಆಶ್ರಮದ ಕಡೆ ಯಾರೂ ತಲೆ ಹಾಕುವುದಿಲ್ಲ. ನೀವು ಆಗ ಹೋಗಿ. ಹೋಗುವ ಮುಂಚೆ ಫೋನ್ ಮಾಡಿ ಏನು ಬೇಕು ಅಂತ ಕೇಳಿ. ಬಿಪಿ ಮಾತ್ರೆ, ಬೆಡ್‌ಶೀಟ್, ದೊಡ್ಡವರ ಡೈಪರ್ ಅಂತ ಹೇಳಬಹುದು. ಗಿಫ್ಟ್ ಪೇಪರ್ ಸುತ್ತುವಂಥದ್ದು ಅದರಲ್ಲಿ ಒಂದೂ ಇರಲಿಕ್ಕಿಲ್ಲ. ಮಗನನ್ನೂ ಕರೆದುಕೊಂಡು ಹೋಗಿ, ಒಂದು ಗಂಟೆ ಕೂತು ಅವರ ಮಾತು ಕೇಳಿ ಬನ್ನಿ.