ಕುಲಾಂತರಿ ದನ, ಹಂದಿ, ಮೀನು: ಜನ ಯಾಕೆ ಬೇಡ ಅಂತಾರೆ? (ನಮ್ಮ ಬ್ಯಾಚ್‌ಗೆ ನೋಟ್ಸ್)

ಕುಲಾಂತರಿ, ಅಂದ್ರೆ ಲ್ಯಾಬಲ್ಲಿ ಜೀನ್ ಬದಲಾಯಿಸಿದ ಪ್ರಾಣಿಗಳ ಈ ಟಾಪಿಕ್ಕನ್ನ ಎಲ್ರೂ "ಜನಕ್ಕೆ ಗೊತ್ತಿಲ್ಲ, ಅದಕ್ಕೇ ಭಯ" ಅಂತ ಒಂದೇ ಸಾಲಲ್ಲಿ ಮುಗಿಸ್ತಾ ಇದೀರ, ನಾನೂ ಮೊದ್ಲು ಹಂಗೇ ಬರ್ಕೊಂಡಿದ್ದೆ. ಓದ್ತಾ ಹೋದಂಗೆ ಅದು ತಪ್ಪು ಅನ್ನಿಸ್ತು. ಬೇಡ ಅನ್ನೋರು ಕೇಳೋ ಪ್ರಶ್ನೆಗಳಲ್ಲಿ "ತಿಂದ್ರೆ ಏನಾಗುತ್ತೆ" ಅನ್ನೋದಕ್ಕೆ ಲ್ಯಾಬ್ ಉತ್ತರ ಕೊಡಬಹುದು, ಉಳಿದಿದ್ದಕ್ಕೆ ಲ್ಯಾಬ್ ರಿಪೋರ್ಟ್ ಸಾಕಾಗಲ್ಲ.

ಕೊಂಬಿಂದ ಶುರು ಮಾಡೋಣ. ಬೇಲೂರು ಹತ್ರ ನಮ್ಮೂರಲ್ಲಿ ಹೋದ ತಿಂಗ್ಳು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ಸೀಮೆಹಸು ತಳಿ) ಕರುಗೆ ಕೊಂಬಿನ ಮೊಗ್ಗು ಸುಡ್ಸಿದ್ವಿ. ಡಾಕ್ಟ್ರು ಮರಗಟ್ಟೋ ಇಂಜೆಕ್ಷನ್ ಕೊಟ್ಟೇ ಕಬ್ಬಿಣ ಇಟ್ಟಿದ್ದು, ಆದ್ರೂ ಕೂದ್ಲು ಸುಟ್ಟ ವಾಸ್ನೆ ಕೊಟ್ಟಿಗೆ ತುಂಬ್ತು, ಕತ್ತು ಹಿಡ್ಕೊಂಡಿದ್ದ ನನ್ನ ಕೈಗೆ ಕರು ನಡುಗ್ತಿರೋದು ಗೊತ್ತಾಗ್ತಿತ್ತು, ಆಚೆ ಗೂಟದಲ್ಲಿ ತಾಯಿ ಹಗ್ಗ ಜಗ್ಗಿ ಜಗ್ಗಿ ಕೂಗ್ತಿತ್ತು. ಇದು ಬೇಡವೇ ಬೇಡ ಅಂತ ಅಮೆರಿಕದಲ್ಲಿ ಜೀನ್ ತಿದ್ದಿ ಹುಟ್ಟಿನಿಂದ್ಲೇ ಕೊಂಬಿಲ್ಲದ ಡೇರಿ ಕರು ಮಾಡಿದ್ರು, 2015ರಲ್ಲಿ ಹುಟ್ಟಿದ್ವು, ಜೀನ್ ಬೇರೆ ಪ್ರಾಣಿದಲ್ಲ, ಕೊಂಬಿಲ್ಲದ ದನದ ತಳಿಗಳಲ್ಲಿ ಮೊದ್ಲಿಂದ ಇರೋದೇ. ಕೇಳಿದಾಗ ನನಗೆ ಖುಷಿಯಾಗಿತ್ತು. ಆದ್ರೆ 2019ರಲ್ಲಿ ಎಫ್‌ಡಿಎ (ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ) ವಿಜ್ಞಾನಿಗಳು ಅದ್ರ ಡಿಎನ್‌ಎ ಪೂರ್ತಿ ತಿರುಗಿ ನೋಡಿದಾಗ ಜೀನ್ ಸಾಗಿಸೋಕೆ ಬಳಸಿದ್ದ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ (ಡಿಎನ್‌ಎಯ ಚಿಕ್ಕ ಉಂಗುರ) ಒಳಗೇ ಕೂತಿತ್ತು, ಆಂಟಿಬಯೋಟಿಕ್ ರೆಸಿಸ್ಟೆನ್ಸ್ ಜೀನ್ (ಆಂಟಿಬಯೋಟಿಕ್ ಔಷಧಿಗೆ ಬಗ್ಗದಂಗೆ ಮಾಡೋ ಜೀನ್) ಸಮೇತ. ಮಾಡಿದೋರ ಟೆಸ್ಟಲ್ಲಿ ಅದು ಕಣ್ಣಿಗೆ ಬಿದ್ದಿರ್ಲಿಲ್ಲ. ಕರುಗೆ ಅದ್ರಿಂದ ತೊಂದ್ರೆ ಆಯ್ತು ಅಂತಲ್ಲ, ಚೆಕ್ ಮಾಡಿದೀವಿ ಅನ್ನೋ ಮಾತನ್ನ ಜನ ಯಾಕೆ ಸುಲಭಕ್ಕೆ ನಂಬಲ್ಲ ಅನ್ನೋದಕ್ಕೆ ಉದಾಹರಣೆ ಕೊಡ್ಬೇಕಂದ್ರೆ ಇದನ್ನೇ ಕೊಡಿ.

ಪ್ರಾಣಿಗೇ ನೋವಾದ ಉದಾಹರಣೆ ಬೇಕಂದ್ರೆ ಬೆಲ್ಟ್ಸ್‌ವಿಲ್ ಹಂದಿಗಳು. 1980ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆ ಲ್ಯಾಬಲ್ಲಿ ಮನುಷ್ಯರ ಗ್ರೋತ್ ಹಾರ್ಮೋನ್ ಜೀನ್ ಹಾಕಿದ್ರು, ಕೊಬ್ಬು ಕಮ್ಮಿ ಆಯ್ತು ನಿಜ, ಆದ್ರೆ ಕೀಲುಬಾವು, ಹೊಟ್ಟೆ ಹುಣ್ಣು ಬಂದು ಒದ್ದಾಡಿದ್ವು. ಇದನ್ನ ಅಜ್ಞಾನದ ಭಯ ಅಂತ ಬರೆಯೋದು ಅನ್ಯಾಯ.

ಈಗ ಕಷ್ಟದ ಕೇಸು. 2005ರಲ್ಲಿ ಕೆಚ್ಚಲು ಬಾವು ತಡೆಯೋ ಜರ್ಸಿ ಹಸು ಬಗ್ಗೆ ಪೇಪರ್ ಬಂತು, ಬಾವು ತರೋ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಕೊಲ್ಲೋ ಲೈಸೋಸ್ಟ್ಯಾಫಿನ್ ಅನ್ನೋ ಪ್ರೋಟೀನು ಅದ್ರ ಹಾಲಲ್ಲೇ ಬರುತ್ತೆ. ಬಾವು ಬಂದು ಕಲ್ಲಾಗಿರೋ ಕೆಚ್ಚಲು ಮುಟ್ಟಿ ನೋಡಿದೋರಿಗೆ, ಮೊಸರಿನ ಹೆಪ್ಪಿನ ಥರ ಹಾಲು ಕರೆದೋರಿಗೆ ಇದು ಬೇಡ ಅನ್ನೋಕೆ ಮನಸ್ಸು ಬರಲ್ಲ, ನನಗೂ ಬರಲ್ಲ. ವಿರೋಧ ಮಾಡೋರು ಕೇಳೋದು ಏನಂದ್ರೆ, ರೋಗ ಬರಲ್ಲ ಅಂತಾದ್ಮೇಲೆ ಕೊಟ್ಟಿಗೆ ಒಣಗಿಸೋರು ಯಾರು, ಇನ್ನೂ ಒತ್ತೊತ್ತಾಗಿ ತುಂಬಲ್ವಾ, ಕೊಟ್ಟಿಗೆ ಸರಿ ಮಾಡೋ ಬದ್ಲು ಹಸುನೇ ಕೊಟ್ಟಿಗೆಗೆ ತಕ್ಕಂಗೆ ತಿದ್ದಿದಂಗಾಗಲ್ವಾ ಅಂತ. ಎಫ್‌ಡಿಎ 2025ರಲ್ಲಿ ಒಪ್ಪಿಗೆ ಕೊಟ್ಟ ಪಿಆರ್‌ಆರ್‌ಎಸ್ (ಹಂದಿಗಳಿಗೆ ಉಸಿರಾಟದ ತೊಂದ್ರೆ, ಗರ್ಭಪಾತ ತರೋ ರೋಗ) ವೈರಸ್ ತಡೆಯೋ ಹಂದಿ ಮೇಲೂ ಇದೇ ಪ್ರಶ್ನೆ. ನನ್ನ ಪ್ರಕಾರ ಇಡೀ ಚಾಪ್ಟರಲ್ಲಿ ಗಟ್ಟಿಯಾದ ಆಕ್ಷೇಪ ಇದು.

ತಪ್ಪಿಸ್ಕೊಂಡು ಕಾಡು ತಳಿ ಜೊತೆ ಬೆರೆಯೋ ಭಯಕ್ಕೆ ಬೇಗ ಬೆಳೆಯೋ ಕುಲಾಂತರಿ ಸಾಲ್ಮನ್ ಮೀನು ಓದ್ಕೊಳ್ಳಿ: 2015ರಲ್ಲಿ ಎಫ್‌ಡಿಎ ಒಪ್ಪಿಗೆ, ಎಲ್ಲಾ ಹೆಣ್ಣು, ಸಂತಾನ ಆಗದಂಗೆ ಮೂರು ಸೆಟ್ ಕ್ರೋಮೋಸೋಮ್, ನೆಲದ ಮೇಲಿನ ಟ್ಯಾಂಕಲ್ಲೇ ಸಾಕ್ತಿದ್ರು.

ಇನ್ನೊಂದು ಪಾಯಿಂಟ್, ಜನ ಎಲ್ಲಕ್ಕೂ ಒಂದೇ ಉತ್ತರ ಕೊಡಲ್ಲ. ಜನಾಭಿಪ್ರಾಯ ಸಮೀಕ್ಷೆ ಮಾಡೋ ಪ್ಯೂ ಸಂಸ್ಥೆ 2018ರಲ್ಲಿ ಅಮೆರಿಕದಲ್ಲಿ ಕೇಳಿದಾಗ, ಮನುಷ್ಯರಿಗೆ ಕಸಿ ಮಾಡೋ ಅಂಗಾಂಗ ಬೆಳೆಸೋಕೆ ಪ್ರಾಣಿ ಜೀನ್ ಬದಲಾಯಿಸಬಹುದು ಅಂದೋರು 57%, ಪೌಷ್ಟಿಕ ಮಾಂಸಕ್ಕೆ 43%, ಅಕ್ವೇರಿಯಂ ಮೀನು ಹೊಳೆಯೋಕೆ ಅಂದ್ರೆ ಬರೀ 21%. ಯಾಕೆ ಮಾಡ್ತೀರ ಅನ್ನೋದ್ರ ಮೇಲೆ ಅಭಿಪ್ರಾಯ ಬದಲಾಗುತ್ತೆ.

ಕೊನೇದು ನಮ್ಮ ಕಡೆ ವಿಷ್ಯ, ಹೊಸ ತಳಿ ಬಂದ್ರೆ ಊರ ತಳಿ ಹೋಗುತ್ತೆ ಅನ್ನೋ ಭಯ. ಅಜ್ಜಂಪುರ, ಬೀರೂರು ಕಡೆ ಅಮೃತಮಹಲ್ ದನಗಳ ಕಾವಲು (ಮೇಯೋಕೆ ಬಿಟ್ಟ ಹುಲ್ಲುಗಾವಲು) ನೋಡಿರೋರಿಗೆ ಗೊತ್ತು, ಒಂದು ತಳಿ ಉಳಿಯೋಕೆ ಎಷ್ಟು ಜಾಗ, ಎಷ್ಟು ತಲೆಮಾರು ಬೇಕು ಅಂತ. ಸೀಮೆಹಸು ಬಂದ್ಮೇಲೆ ನಮ್ಮ ಮಲೆನಾಡು ಗಿಡ್ಡ ತಳಿ ಎಷ್ಟು ಕೊಟ್ಟಿಗೆಲಿ ಉಳ್ಕೊಂಡಿದೆ ನೀವೇ ಎಣಿಸಿ. ನಮ್ಮಲ್ಲಿ ಕುಲಾಂತರಿ ಪ್ರಾಣಿಗೂ ಜೀನ್ ಬದಲಾಯಿಸಿದ ಜೀವಿಗಳ ಬಗ್ಗೆ ಕೇಂದ್ರ ಸರ್ಕಾರದ 1989ರ ನಿಯಮನೇ ಅನ್ವಯ, 2022ರಲ್ಲಿ ಕೆಲವು ಜೀನ್ ಎಡಿಟಿಂಗ್‌ಗೆ ಕೊಟ್ಟ ವಿನಾಯಿತಿ ಗಿಡಗಳಿಗೆ ಮಾತ್ರ, ಇದನ್ನ ಗೊಂದಲ ಮಾಡ್ಕೋಬೇಡಿ. ಇದನ್ನೆಲ್ಲ ಅಜ್ಜಿಗೆ ಓದಿ ಹೇಳ್ದಾಗ ಅವ್ರು ಕೇಳಿದ್ದು ಒಂದೇ: "ಆ ಹಸು ನಮ್ಮನೇಲಿ ಈದ್ರೆ ಕರ ನಮ್ದೋ, ಕಂಪ್ನಿದೋ?" ಪೇಟೆಂಟ್ ಬಗ್ಗೆ ಉತ್ತರ ಬರೆಯೋವಾಗ ಈ ಪ್ರಶ್ನೆಯಿಂದ್ಲೇ ಶುರು ಮಾಡಿ.